ಗಿಟಾರಿನ ಬೆನ್ನಿನ ಸ್ಪ್ರಿಂಗುಗಳು

ವಾದ್ಯ ರಿಪೇರಿಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಏನು? ಒಳ್ಳೆಯ ಕಿವಿ ಎಂಬ ಮಾತು ನನ್ನ ಬಾಯಿಂದ ಬರಲಿ ಎಂದು ಅವರು ಕಾಯುತ್ತಿರುತ್ತಾರೆ. ಕಿವಿಯನ್ನು ದೇವರು ಎಲ್ಲರಿಗೂ ಎರಡೆರಡು ಕೊಟ್ಟಿದ್ದಾನೆ. ನನ್ನ ಮಟ್ಟಿಗೆ ಈ ಕೆಲಸಕ್ಕೆ ಬೇಕಾದದ್ದು ಹೆದರಿಕೆ. ಇನ್ನೊಬ್ಬರ ವಾದ್ಯ ಬೆನ್ನು ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿರುವಾಗ ಯಾರ ಎದೆ ಸ್ವಲ್ಪವೂ ಹೊಡೆದುಕೊಳ್ಳುವುದಿಲ್ಲವೋ, ಅವನು ಬೇರೆ ಉದ್ಯೋಗ ನೋಡಿಕೊಳ್ಳುವುದು ಒಳ್ಳೆಯದು.

ಹೆದರಿಕೆಯ ವಿಷಯದಲ್ಲಿ ನಾನು ಹುಟ್ಟು ಶ್ರೀಮಂತ. ನಮ್ಮದು ಕಡಲ ದಂಡೆಯ ಪೇಟೆಯ ಅಂಚಿನಲ್ಲಿ, ಕೊಟ್ಟಾರದಲ್ಲಿ ಗದ್ದೆ ಮಾಡಿಕೊಂಡಿದ್ದ ಮನೆ. ಅಪ್ಪ ಎತ್ತಿನ ಕೊಂಬು ಹಿಡಿದು ಎಳೆಯುತ್ತಿದ್ದರೆ ನಾನು ಅದರ ಬಾಲ ಅಲ್ಲಾಡಿದ್ದಕ್ಕೇ ಹಿಂದೆ ಸರಿಯುತ್ತಿದ್ದೆ. ಗದ್ದೆಗೆ ಇವನಿಂದ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದ ಅಪ್ಪ, ಐವತ್ತರ ದಶಕದ ಕೊನೆಯಲ್ಲಿ ನನ್ನನ್ನು ಹಂಪನಕಟ್ಟೆಯ ಬಳಿ ಇದ್ದ ಒಂದು ವಾದ್ಯ ರಿಪೇರಿ ಅಂಗಡಿಗೆ ಸೇರಿಸಿದರು. ಪಿಟೀಲು, ಹಾರ್ಮೋನಿಯಂ, ಇಗರ್ಜಿಗಳ, ಅಂದರೆ ಚರ್ಚುಗಳ ಪಿಯಾನೊ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಹಾಯುವುದಿಲ್ಲ, ಒದೆಯುವುದಿಲ್ಲ, ನಿನಗೆ ಇದೇ ಸರಿ ಎಂದರು ಅಪ್ಪ. ಇಗರ್ಜಿಯ ಪಿಯಾನೊದ ತಂತಿ ಕಡಿದು ಮುಖಕ್ಕೆ ಹಾರಿದಾಗ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಅಂಗಡಿಯ ಯಜಮಾನರು ಕೊಂಕಣಿ ಕ್ರಿಶ್ಚಿಯನರು. ನಾವೆಲ್ಲರೂ ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದೆವು. ಎತ್ತರದ ಆಳು, ದೊಡ್ಡ ಗಂಟಲು, ಚಿಟಿಕೆಯಷ್ಟೂ ಹೆದರಿಕೆ ಇಲ್ಲದ ಮನುಷ್ಯ. ಯಾವ ವಾದ್ಯಕ್ಕೆ ಯಾವ ರೋಗ ಬಂದರೂ ಅವರ ಮದ್ದು ಒಂದೇ, ತೆಂಗಿನೆಣ್ಣೆ. ಬಿಜೈ ಕಡೆಯ ಒಂದು ಮನೆಯ ಹಾರ್ಮೋನಿಯಮ್ಮಿನ ಕೀಲಿಗಳು ಬಿಗಿಯಾಗಿವೆ ಎಂದು ಒಳಗೆಲ್ಲ ಎಣ್ಣೆ ಬಿಟ್ಟು ಕಳಿಸಿದರು. ಹಬ್ಬದ ದಿನ ಆ ಮನೆಯವರು ಕೀರ್ತನೆ ಶುರು ಮಾಡಿದ ಕೂಡಲೇ, ತಿದಿಯ ಗಾಳಿಯ ಜೊತೆಗೆ ಕೆಂಪಿರುವೆಗಳೂ ಹೊರಗೆ ಬಂದವಂತೆ. ಹಾಡುವವರು ಕುಣಿದರು. ಪೊರ್ಬುಗಳು ಮಾತ್ರ, ‘ಇರುವೆ ಬಂತು ಅಂದ್ರೆ ಎಣ್ಣೆ ಒಳ್ಳೆಯದು ಅಂತ ಅರ್ಥ ಅಲ್ವಾ ಮಾರಾಯ?’ ಎಂದು ನನ್ನನ್ನೇ ಕೇಳಿದರು. ಆ ವಾರ ಪೂರ್ತಿ ನಾನು ಇರುವೆ ಹೆಕ್ಕಿದೆ.

ಅರವತ್ತರ ದಶಕ ಬರುವಾಗ ಮದುವೆ ಮನೆಗಳ ಬ್ಯಾಂಡುಗಳಿಗೆ ವಿದ್ಯುತ್ ಗಿಟಾರು ಬಂತು. ಹಡಗಿನಲ್ಲಿ ಕೆಲಸ ಮಾಡುವವರು, ಬಹರೈನಿನಲ್ಲಿ ಇದ್ದವರು ಒಂದೊಂದನ್ನು ಹೊತ್ತು ತಂದರು. ಮೊದಲ ಬಾರಿ ಒಂದು ಗಿಟಾರು ನಮ್ಮ ಅಂಗಡಿಗೆ ಬಂದಾಗ ಅದನ್ನು ಮುಟ್ಟುವುದಕ್ಕೇ ನಾನು ಹಿಂಜರಿದೆ. ಹಿಂದೆ ಒಬ್ಬ ಹುಡುಗ ಹಳೆಯ ರೇಡಿಯೊಗೆ ತಂತಿ ಸಿಕ್ಕಿಸಿ ಅದನ್ನೇ ಆಂಪ್ಲಿಫೈಯರ್ ಮಾಡಿಕೊಂಡು ಶಾಕ್ ಹೊಡೆಸಿಕೊಂಡಿದ್ದ. ನಾನು ಹಲಗೆಯ ಮೇಲೆ ನಿಂತು, ರಬ್ಬರ್ ಚಪ್ಪಲಿ ಹಾಕಿ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಪೊರ್ಬುಗಳು ನಗುತ್ತಿದ್ದರು. ಅವರು ನಕ್ಕರೂ ನಾನು ಸಾಯಲಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು.

ಆ ಗಿಟಾರುಗಳಲ್ಲಿ ಕೆಲವಕ್ಕೆ ಒಂದು ಸಣ್ಣ ಸಲಾಕೆ ಇರುತ್ತಿತ್ತು. ನುಡಿಸುವವರು ಅದನ್ನು ಹ್ಯಾಂಡಲ್ ಎನ್ನುತ್ತಿದ್ದರು. ಅದನ್ನು ಮೆಲ್ಲಗೆ ಅದುಮಿದರೆ ಸ್ವರ ನೀರಿನ ಮೇಲಿನ ದೋಣಿಯಂತೆ ತೂಗುತ್ತದೆ. ಇದರ ಗುಟ್ಟು ಗಿಟಾರಿನ ಬೆನ್ನಿನಲ್ಲಿದೆ. ಹಿಂದಿನ ಮುಚ್ಚಳ ತೆಗೆದರೆ ಮರದಲ್ಲಿ ಕೊರೆದ ಒಂದು ಗುಳಿ, ಅದರೊಳಗೆ ಸಾಲಾಗಿ ಐದು ಸ್ಪ್ರಿಂಗು. ಮುಂದೆ ತಂತಿಗಳು ತಮ್ಮನ್ನು ಹೊತ್ತ ಲೋಹದ ಸೇತುವೆಯನ್ನು ಒಂದು ಕಡೆಗೆ ಎಳೆಯುತ್ತವೆ, ಹಿಂದೆ ಸ್ಪ್ರಿಂಗುಗಳು ಇನ್ನೊಂದು ಕಡೆಗೆ ಎಳೆಯುತ್ತವೆ. ತಕ್ಕಡಿಯ ಎರಡು ತಟ್ಟೆಗಳ ಹಾಗೆ ಎರಡೂ ಸಮ ತೂಗಿದಾಗ ಶ್ರುತಿ ನಿಲ್ಲುತ್ತದೆ.

ಶ್ರುತಿ ನಿಂತರೆ ಸ್ಪ್ರಿಂಗಿನ ಕೆಲಸ ಮುಗಿಯಿತು ಎಂದು ಪೊರ್ಬುಗಳ ವಾದ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಸ್ಪ್ರಿಂಗಿಗೂ ಒಂದು ಸ್ವರ ಉಂಟು, ಅದು ಗಿಟಾರಿನ ಸ್ವರದೊಳಗೆ ಸೇರಿಕೊಂಡಿರುತ್ತದೆ ಎಂದು ನನಗೆ ಕಲಿಸಿದ್ದು ಫೆಲಿಕ್ಸ್ ಎಂಬವನ ಗಿಟಾರು. ಅದನ್ನು ಕಲಿಯುವಾಗ ನಾನು ಪಟ್ಟ ಸಂಕಟವನ್ನು ಮುಂದೆ ಹೇಳುತ್ತೇನೆ.

ಫೆಲಿಕ್ಸ್ ಕದ್ರಿಯವನು. ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದು, ಮದುವೆಗಳಲ್ಲಿ ಗಿಟಾರು ನುಡಿಸುತ್ತಿದ್ದ. ಬಹರೈನಿನ ಸೋದರಮಾವ ತಂದುಕೊಟ್ಟ ಹ್ಯಾಂಡಲಿನ ಗಿಟಾರು ಅವನದು. ಅವನ ನುಡಿಸಾಣಿಕೆಯಲ್ಲಿ ಒಂದು ವಿಶೇಷವಿತ್ತು. ಒಂದು ಸಾಲು ನುಡಿಸಿ, ಅಂಗೈಯಿಂದ ತಂತಿಗಳನ್ನು ಥಟ್ಟನೆ ಮುಚ್ಚಿಬಿಡುತ್ತಿದ್ದ. ತಂತಿ ಸುಮ್ಮನಾದರೂ ಎಲ್ಲಿಂದಲೋ ಒಂದು ಸಣ್ಣ ಗುಂಯ್ ಎನ್ನುವ ದನಿ ಉಳಿದು ಮೆಲ್ಲಗೆ ಆರುತ್ತಿತ್ತು. ಆ ದನಿ ಆರುವವರೆಗೂ ಅವನು ಮುಂದಿನ ಸಾಲು ಎತ್ತುತ್ತಿರಲಿಲ್ಲ. ಕೇಳುವವರು ಉಸಿರು ಹಿಡಿದು ಕೂರುತ್ತಿದ್ದರು. ಅದನ್ನು ಅವನು ಬಾಲ ಎನ್ನುತ್ತಿದ್ದ. ಬಾಲ ಎಲ್ಲಿಂದ ಬರುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅವನ ಕೈಗುಣ ಎಂದುಕೊಂಡಿದ್ದೆವು.

ಒಂದು ವರ್ಷ ಅವನ ತಂಗಿಯ ಮದುವೆ ಬಂತು. ಮದುವೆಯ ಹಿಂದಿನ ದಿನ ಅವರಲ್ಲಿ ರೋಸ್ ಎಂಬ ಶಾಸ್ತ್ರವಿದೆ, ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವುದು. ಶಾಸ್ತ್ರ ಮುಗಿದ ಮೇಲೆ ಉಳಿದ ತೆಂಗಿನಹಾಲು ಹುಡುಗರ ಕೈಗೆ ಸಿಕ್ಕರೆ ಕೇಳುವುದೇ ಬೇಡ. ಅಂಗಳದಲ್ಲಿ ನುಡಿಸುತ್ತಿದ್ದ ಫೆಲಿಕ್ಸನ ಮೇಲೆ ಸೋದರ ಸಂಬಂಧಿಯೊಬ್ಬ ಒಂದು ತಂಬಿಗೆ ಸುರಿದ. ತಂತಿ ಬದಲಿಸಲು ಸುಲಭವಾಗಲೆಂದು ಗಿಟಾರಿನ ಹಿಂದಿನ ಮುಚ್ಚಳವನ್ನು ಫೆಲಿಕ್ಸ್ ಎಂದೋ ತೆಗೆದಿಟ್ಟಿದ್ದ. ಎಲ್ಲರೂ ನಕ್ಕರು, ಅವನೂ ನಕ್ಕು ಮುಂದಿನ ಭಾಗವನ್ನು ಟವೆಲಿನಿಂದ ಒರೆಸಿದ. ಮದುವೆ ಮುಗಿಯಿತು. ಕೆಲವೇ ದಿನಗಳಲ್ಲಿ ಕರೆಸ್ಮಾ ಶುರುವಾಯಿತು, ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಆಗ ಅವರಲ್ಲಿ ಮದುವೆಯಿಲ್ಲ, ಕುಣಿತವಿಲ್ಲ, ವಾದ್ಯವಿಲ್ಲ. ಗಿಟಾರು ಮಂಚದ ಕೆಳಗೆ ಮಲಗಿತು, ಬೆನ್ನಿನ ಗುಳಿಯಲ್ಲಿ ತೆಂಗಿನಹಾಲನ್ನು ತುಂಬಿಕೊಂಡು.

ಈಸ್ಟರ್ ಕಳೆದು ಅವನು ಅದನ್ನು ಅಂಗಡಿಗೆ ತಂದಾಗ, ಮೇಜಿನ ಮೇಲೆ ಇಡುವ ಮುಂಚೆಯೇ ಪೊರ್ಬುಗಳು ಮೂಗು ಮುಚ್ಚಿದರು.

‘ಎಂತ ಇದು, ಗಿಟಾರಾ ಕಡಲೆಹಿಂಡಿಯಾ?’

ಐದರಲ್ಲಿ ಎರಡು ಸ್ಪ್ರಿಂಗು ತುಂಡಾಗಿದ್ದವು. ಉಳಿದವುಗಳಲ್ಲಿ ಒಂದನ್ನು ಬಿಟ್ಟು ಮಿಕ್ಕವು ತುಕ್ಕು ತಿಂದು, ಮುಟ್ಟಿದರೆ ಪುಡಿಯಾಗುವಂತಿದ್ದವು. ಫೆಲಿಕ್ಸನ ಮುಖ ಸುಣ್ಣದ ಹಾಗಾಗಿತ್ತು. ಕಾರಣ ಹೇಳಿದ. ಬೊಂಬಾಯಿಯ ಒಬ್ಬ ಬ್ಯಾಂಡ್ ಮಾಸ್ಟರು ಊರಿಗೆ ಬರುವವರಿದ್ದರು. ಆಫ್ರಿಕದ ಕಡೆಗೆ ಹೋಗುವ ಪ್ರಯಾಣಿಕರ ಹಡಗಿನಲ್ಲಿ ಅವರ ಬ್ಯಾಂಡು. ಅದಕ್ಕೆ ಒಬ್ಬ ಗಿಟಾರಿನವನು ಬೇಕಾಗಿತ್ತು. ಬರುವ ಭಾನುವಾರದ ಮುಂದಿನ ಭಾನುವಾರ, ಬಿಜೈಯಲ್ಲಿ ಪರಿಚಯದವರ ಮನೆಯಲ್ಲಿ ಕೇಳಿ ನೋಡುತ್ತಾರಂತೆ. ಮಳೆಗಾಲಕ್ಕೆ ಕಡಲು ಮುಚ್ಚಿ ಹಡಗುಗಳ ಓಡಾಟ ನಿಲ್ಲುವ ಮುಂಚೆ ಆರಿಸಿದವನನ್ನು ಕರೆದುಕೊಂಡು ಹೋಗುತ್ತಾರಂತೆ.

‘ಜೀವಮಾನದಲ್ಲಿ ಒಂದು ಸಲ ಬರುವ ಅವಕಾಶ ಶೀನಣ್ಣ,’ ಎಂದ. ನನ್ನ ಹೆಸರು ಶ್ರೀನಿವಾಸ. ಊರಿನಲ್ಲಿ ಎಲ್ಲರ ಬಾಯಲ್ಲೂ ಶೀನ.

ಅಂಥ ಸ್ಪ್ರಿಂಗು ನಮ್ಮ ಊರಿನಲ್ಲಿ ಎಲ್ಲಿ ಸಿಗಬೇಕು? ನಾನು ಹೊಲಿಗೆ ಯಂತ್ರದವರಲ್ಲಿ ಕೇಳಿದೆ, ಸೈಕಲ್ ಅಂಗಡಿಗಳಲ್ಲಿ ಕೇಳಿದೆ. ಕೊನೆಗೆ ಬಂದರಿನಲ್ಲಿ ಸ್ಪ್ರಿಂಗ್ ತಕ್ಕಡಿ ರಿಪೇರಿ ಮಾಡುವ ಮೊಯ್ದಿನಬ್ಬರ ಬಳಿ ಹೋದೆ. ಒಣಮೀನು, ಮೆಣಸು ತೂಗುವ ತಕ್ಕಡಿಗಳ ಸ್ಪ್ರಿಂಗುಗಳಲ್ಲಿ ಉದ್ದಕ್ಕೆ ಸರಿಹೊಂದುವ ಐದನ್ನು ಅವರು ಆರಿಸಿ ಕೊಟ್ಟರು. ಗಿಟಾರಿಗೆ ಹಾಕಿದೆ. ಶ್ರುತಿ ಬಂಡೆಯ ಹಾಗೆ ನಿಂತಿತು. ಹ್ಯಾಂಡಲ್ ಬಿಗಿಯಾಯಿತು, ಆದರೂ ಜೋರು ಮಾಡಿದರೆ ಅಲುಗುತ್ತಿತ್ತು. ಪೊರ್ಬುಗಳು ಬೆನ್ನು ತಟ್ಟಿದರು.

ಫೆಲಿಕ್ಸ್ ನುಡಿಸಿದ. ಒಂದು ಸಾಲು ನುಡಿಸಿ ಅಂಗೈಯಿಂದ ತಂತಿ ಮುಚ್ಚಿದ. ಏನೂ ಇಲ್ಲ. ಬಾಗಿಲು ಹಾಕಿದ ಹಾಗೆ ಸ್ವರ ನಿಂತುಹೋಯಿತು. ಮತ್ತೆ ನುಡಿಸಿದ, ಮತ್ತೆ ಮುಚ್ಚಿದ.

‘ಬಾಲ ಇಲ್ಲ,’ ಎಂದ ಅವನು.

‘ಸ್ಪ್ರಿಂಗು ಹೊಸದು, ಗಟ್ಟಿ ಉಕ್ಕು,’ ಎಂದರು ಪೊರ್ಬುಗಳು. ‘ಕರೆಸ್ಮಾ ಇಡೀ ಗಿಟಾರು ಮುಟ್ಟದೆ ಕೂತವನು ನೀನು. ಬಾಲ ಇರುವುದು ನಿನ್ನ ಕೈಯಲ್ಲಿ, ಇದರಲ್ಲಿ ಅಲ್ಲ. ಮನೆಗೆ ಹೋಗಿ ಅಭ್ಯಾಸ ಮಾಡು.’

ಯಜಮಾನರು ಹೇಳಿದ ಮೇಲೆ ಅವನು ನಂಬಿದ. ನನಗೆ ನಂಬಿಕೆ ಬರಲಿಲ್ಲ. ಹಳೆಯ ಸ್ಪ್ರಿಂಗಿನಲ್ಲಿ ಪೂರ್ತಿ ಹಾಳಾಗದ ಒಂದು ನನ್ನ ಬಳಿ ಉಳಿದಿತ್ತು. ಅದನ್ನು ಮೊಳೆಗೆ ಸಿಕ್ಕಿಸಿ ಎಳೆದು ಹಿಡಿದು ಉಗುರಿನಿಂದ ಮೀಟಿದೆ. ತುಕ್ಕು ಹಿಡಿದಿದ್ದರೂ ಸಣ್ಣಗೆ ಗುಂಯ್ ಎಂದಿತು. ತಕ್ಕಡಿಯ ಸ್ಪ್ರಿಂಗನ್ನು ಹಾಗೆಯೇ ಮೀಟಿದೆ. ಟಕ್ ಎಂದು ಸುಮ್ಮನಾಯಿತು. ದಪ್ಪ ತಂತಿ, ಬಿಗಿ ಸುರುಳಿ. ಗಿಟಾರಿನ ತಂತಿ ನಡುಗಿದಾಗ ಹಿಂದಿನ ಸ್ಪ್ರಿಂಗುಗಳೂ ಜೊತೆಗೆ ನಡುಗಿ, ತಂತಿ ನಿಂತ ಮೇಲೂ ನಡುಗುತ್ತಲೇ ಇರುತ್ತಿದ್ದವು. ಅದೇ ಬಾಲ. ಗಟ್ಟಿ ಸ್ಪ್ರಿಂಗು ನಡುಗುವುದೇ ಇಲ್ಲ. ಅದು ಬರೀ ಸೇತುವೆಯನ್ನು ಮರಕ್ಕೆ ಒತ್ತಿ ಹಿಡಿಯುತ್ತದೆ.

ಅಳತೆಗೆ ಉಳಿದ ಹಳೆಯ ಸ್ಪ್ರಿಂಗುಗಳೂ ಬೇಕಾಗಿದ್ದವು. ಅವನ್ನು ಫೆಲಿಕ್ಸ್ ಮನೆಗೆ ಒಯ್ದಿದ್ದ. ನಾನು ಕದ್ರಿಗೆ ಹೋದಾಗ ಅವನು ಕಾರ್ಖಾನೆಯಲ್ಲಿದ್ದ. ತಾಯಿ ಕಾರ್ಮಿನ್ ಬಾಯಿ ಇದ್ದರು. ಸಣ್ಣ ಮೈಕಟ್ಟಿನ, ಮಾತು ಕಡಿಮೆಯ ಹೆಂಗಸು. ಅವರ ಬಳಿ ನಾನು ಎಲ್ಲವನ್ನೂ ಹೇಳಿದೆ. ತಪ್ಪು ಅವನ ಕೈಯದ್ದಲ್ಲ, ಸ್ಪ್ರಿಂಗಿನದ್ದು, ನಾನು ಬೇರೆ ಮಾಡುತ್ತಿದ್ದೇನೆ, ಸರಿಯಾದರೆ ಮಾತ್ರ ಅವನಿಗೆ ತಿಳಿಸುತ್ತೇನೆ, ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಎಂದೆ. ಅವರು ಸ್ಪ್ರಿಂಗುಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು.

ಅಂಗಡಿಯಲ್ಲಿ ಹಳೆಯ ಪಿಯಾನೊಗಳಿಂದ ತೆಗೆದ ಉಕ್ಕಿನ ತಂತಿ ಸುರುಳಿ ಸುರುಳಿ ಬಿದ್ದಿತ್ತು. ಅದನ್ನು ತೆಗೆದುಕೊಂಡು ಬಂದರಿಗೆ ಹೋದೆ. ಮೊಯ್ದಿನಬ್ಬರು ಒಂದು ಸಲಾಕೆಗೆ ಅದನ್ನು ಸುತ್ತಿದರು. ಬಿಟ್ಟ ಕೂಡಲೇ ಸುರುಳಿ ಬಿಚ್ಚಿಕೊಂಡು ಹೆಬ್ಬೆರಳಿನಷ್ಟು ಅಗಲವಾಯಿತು.

‘ಇದಕ್ಕೆ ಸೊಕ್ಕು ಉಂಟು ಶೀನಣ್ಣ,’ ಎಂದು ನಕ್ಕರು. ‘ಸಲಾಕೆ ಇನ್ನೂ ಸಪೂರ ಬೇಕು.’

ಸಪೂರ ಸಲಾಕೆಗೆ ಸುತ್ತಿದಾಗ ಅಳತೆ ಸರಿಯಾಯಿತು. ಹಾಗೆ ಸುತ್ತಿದ್ದನ್ನು ಸ್ವಲ್ಪ ಬಿಸಿ ಮಾಡಿದರೆ ಅದು ತನ್ನ ಆಕಾರದಲ್ಲಿ ನಿಲ್ಲುತ್ತದೆ. ಜಾಸ್ತಿ ಬಿಸಿಯಾದರೆ ಉಕ್ಕಿನ ಜೀವ ಹೋಗಿ ಬರೀ ತಂತಿಯಾಗುತ್ತದೆ. ಮೊದಲ ಸಲ ನಾನು ಎಲ್ಲಿ ಹೆಚ್ಚಾಗುತ್ತದೋ ಎಂದು ಬೇಗ ತೆಗೆದೆ, ಸಾಲಲಿಲ್ಲ. ಎರಡನೆಯ ಸಲ ಅದೇ ಭಯಕ್ಕೆ ಅವಸರದಿಂದ ತೆಗೆಯಲು ಹೋಗಿ ಕೆಂಡಕ್ಕೆ ಬೀಳಿಸಿದೆ. ಮೂರನೆಯ ಸಲ ಮೊಯ್ದಿನಬ್ಬರು ನನ್ನನ್ನು ಅಂಗಡಿಯ ಹೊರಗೆ ಕೂರಿಸಿ ತಾವೇ ಮಾಡಿದರು. ಐದೂ ಸ್ಪ್ರಿಂಗುಗಳನ್ನು ಎಳೆದು ಮೀಟಿದೆ. ಗುಂಯ್ ಎಂದವು. ಅಷ್ಟು ಸಂತೋಷ ನನಗೆ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಮಗ ಹುಟ್ಟಿದಾಗ ಹೆದರಿಕೆಯೇ ಹೆಚ್ಚಾಗಿತ್ತು.

ಮರುದಿನ ಮಧ್ಯಾಹ್ನ ಪೊರ್ಬುಗಳು ಊಟಕ್ಕೆ ಹೋದ ಹೊತ್ತು ನೋಡಿ ಕಾರ್ಮಿನ್ ಬಾಯಿ ಅಂಗಡಿಗೆ ಬಂದರು. ಸ್ಟೂಲು ಕೊಟ್ಟರೂ ಕೂರಲಿಲ್ಲ.

‘ಸ್ಪ್ರಿಂಗ್ ಆಯ್ತಾ ಶೀನ?’

‘ಆಯ್ತು ಬಾಯಿ. ಒಳ್ಳೆಯದಾಗಿದೆ. ಇವತ್ತೇ ಹಾಕಿಕೊಡ್ತೇನೆ.’

‘ಹಾಕ್ಬೇಡ.’

ನಾನು ಅವರ ಮುಖ ನೋಡಿದೆ.

‘ಈಗ ಸ್ವರ ಸತ್ತ ಹಾಗೆ ಉಂಟು. ನನಗೂ ಕೇಳ್ತದೆ, ಮನೆಯಲ್ಲೇ ಅಲ್ವಾ ಅವನು ಬಾರಿಸುವುದು. ಹಾಗೆಯೇ ಇರ್ಲಿ. ಆ ಮಾಸ್ಟರು ಕೇಳಿ, ಬೇಡ ಅಂತ ಹೇಳಿ, ಅವರಷ್ಟಕ್ಕೆ ಹೋಗ್ಲಿ. ಅವನ ಅಪ್ಪ ಹಡಗಿಗೆ ಹೋದದ್ದು ನಿನಗೆ ಗೊತ್ತುಂಟಲ್ಲ. ಮೊಂಬಾಸದಲ್ಲಿ ಇಳಿದವರು ಮತ್ತೆ ಹಡಗು ಹತ್ತಲಿಲ್ಲ ಅಂತ ಯಾರೋ ಬಂದು ಹೇಳಿದ್ರು. ಸತ್ತರೋ, ಅಲ್ಲೇ ಬೇರೆ ಮನೆ ಮಾಡಿದ್ರೋ, ಇಷ್ಟು ವರ್ಷವಾದ್ರೂ ನನಗೆ ಗೊತ್ತಿಲ್ಲ. ಮಗಳು ಮದುವೆಯಾಗಿ ಹೋದಳು. ಇವನೂ ಹೋದ್ರೆ ನಾನು ಯಾರ ದಾರಿ ಅಂತ ನೋಡ್ಲಿ? ನಿನಗೆ ಪುಣ್ಯ ಬರ್ತದೆ ಮಾರಾಯ. ನೀನು ಏನೂ ಮಾಡ್ಬೇಡ, ಸುಮ್ಮನೆ ಇರು, ಅಷ್ಟೇ.’

ಸುಮ್ಮನೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ತಿಳಿದದ್ದು ಆಗಲೇ. ಅವರು ಹೋದ ಮೇಲೆ ಪೊರ್ಬುಗಳು ಬಂದರು. ಎಲ್ಲವನ್ನೂ ಹೇಳಿದೆ. ತಮ್ಮನ್ನು ಕೇಳದೆ ಪಿಯಾನೊ ತಂತಿ ತೆಗೆದದ್ದಕ್ಕೆ ಮೊದಲು ಬೈದರು. ಕಾರ್ಮಿನ್ ಬಾಯಿಯ ಮಾತು ಕೇಳಿ ತಣ್ಣಗಾದರು. ಅವರೂ ಅದೇ ಇಗರ್ಜಿಯವರು, ಆಕೆಯ ಕಷ್ಟವನ್ನು ಕಂಡವರು.

‘ಹೆತ್ತವಳು ಬೇಡ ಅಂದ ಮೇಲೆ ನಾವು ಯಾರು? ಆ ಸ್ಪ್ರಿಂಗನ್ನು ಡ್ರಾವರಿಗೆ ಹಾಕಿ ಬೀಗ ಹಾಕು. ಹುಡುಗನ ಹತ್ರ ಒಂದು ಮಾತು ಆಡಿದ್ರೆ ನೋಡು.’

ನಾನು ಡ್ರಾವರಿಗೆ ಬೀಗ ಹಾಕಿದೆ. ಸ್ಪ್ರಿಂಗುಗಳನ್ನು ಮಾತ್ರ ಮೇಣದ ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಯಾಕೆಂದು ನನಗೇ ತಿಳಿಯದು. ಬಿಟ್ಟುಹೋದರೆ ಏನಾದರೂ ಆದೀತು ಎಂಬ ಭಯ, ಅಷ್ಟೇ. ಆ ವಾರ ಪೂರ್ತಿ ಅವು ಎದೆಗೆ ಚುಚ್ಚುತ್ತಿದ್ದವು. ಊಟ ಸೇರಲಿಲ್ಲ. ಹೆಂಡತಿ ದೃಷ್ಟಿ ತೆಗೆದಳು. ತಾಯಿಯ ಮಾತು ಮೀರಿದರೆ ಒಂದು ಮನೆ ಬರಿದಾಗುತ್ತದೆ, ಮೀರದಿದ್ದರೆ ಒಬ್ಬನ ಬದುಕು ಮುರುಟುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಶಾಲೆಯಲ್ಲಿ ಓದಿದ್ದೆ, ಅದು ಹೊಟ್ಟೆನೋವಿನ ಹೆಸರು ಎಂದು ಆಗ ಗೊತ್ತಿರಲಿಲ್ಲ.

ಶನಿವಾರ ಸಂಜೆ ಫೆಲಿಕ್ಸ್ ಬಂದ. ಗಿಟಾರು ತಂದಿರಲಿಲ್ಲ. ಎಡಗೈಯನ್ನು ಬಿಚ್ಚಿ, ರಿಪೇರಿಗೆ ತಂದ ವಾದ್ಯದ ಹಾಗೆ ನನ್ನ ಮೇಜಿನ ಮೇಲೆ ಇಟ್ಟ. ಬೆರಳ ತುದಿಗಳು ಒಡೆದು ರಕ್ತ ಕಟ್ಟಿದ್ದವು.

‘ಎಂತ ಆಗಿದೆ ನೋಡಿ ಶೀನಣ್ಣ. ಎಷ್ಟು ಬಾರಿಸಿದ್ರೂ ಬರುದಿಲ್ಲ. ನನ್ನ ಕೈ ಹೋಯ್ತು. ನಾಳೆ ನಾನು ಹೋಗುದಿಲ್ಲ. ನಾಳೆ ಮಾತ್ರ ಅಲ್ಲ, ಇನ್ನು ಬಾರಿಸುದೇ ಇಲ್ಲ.’

ನನ್ನ ಬಾಯಿ ತೆರೆಯಿತು. ಪೊರ್ಬುಗಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ತೆರೆದ ಬಾಯಿಂದ, ‘ಅರಸಿನ ಹಚ್ಚು,’ ಎಂಬ ಮಾತು ಬಂತು. ಅವನು ಹೊರಟುಹೋದ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಪೊರ್ಬುಗಳೂ ಆವತ್ತು ಬೇಗನೆ ಬಾಗಿಲು ಹಾಕಿದರು.

ಭಾನುವಾರ ಬೆಳಿಗ್ಗೆ ನಾನು ಕೊಟ್ಟಾರದ ನಮ್ಮ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಗದ್ದೆಯ ಬದುವಿನ ಮೇಲೆ ಯಾರೋ ಒಬ್ಬರು ಬಿಳಿ ಬೆಡ್‌ಶೀಟಿನಲ್ಲಿ ಏನನ್ನೋ ಸುತ್ತಿ, ಮಗುವಿನ ಹಾಗೆ ತಬ್ಬಿಕೊಂಡು ಬರುತ್ತಿದ್ದರು. ಕಾರ್ಮಿನ್ ಬಾಯಿ. ಮೊದಲ ಪೂಜೆ ಮುಗಿಸಿ ಇಗರ್ಜಿಯ ಸೀರೆಯಲ್ಲೇ ನಡೆದು ಬಂದಿದ್ದರು. ಜಗುಲಿಯ ಮೇಲೆ ಗಿಟಾರು ಇಟ್ಟರು. ಏದುಸಿರು ನಿಲ್ಲಲಿಲ್ಲ.

‘ಒಳ್ಳೆಯ ಸ್ಪ್ರಿಂಗ್ ಎಲ್ಲಿ ಉಂಟು? ಅಂಗಡಿಯಲ್ಲಾ? ಬೀಗದ ಕೈ ಯಾರ ಹತ್ರ?’

‘ನನ್ನ ಹತ್ರವೇ ಉಂಟು ಬಾಯಿ. ಯಾಕೆ, ಏನಾಯ್ತು?’

‘ಕೈಯನ್ನು ಬಾಗಿಲ ದಾರಂದಕ್ಕೆ ಕುಟ್ಟಿಕೊಳ್ತಾನೆ ಶೀನ. ನನ್ನ ಎದುರೇ. ಈ ಕೈ ಯಾತಕ್ಕೂ ಬೇಡ ಅಂತ ಹೇಳಿ ಕುಟ್ಟಿಕೊಳ್ತಾನೆ. ನಾನು ಹೆತ್ತ ಕೈ ಅಲ್ವಾ ಅದು?’ ಬೆಡ್‌ಶೀಟು ಬಿಚ್ಚಿ ಗಿಟಾರನ್ನು ನನ್ನ ಕಡೆಗೆ ತಳ್ಳಿದರು. ‘ಹಡಗಿಗೆ ಹೋಗುವುದಾದ್ರೆ ಹೋಗ್ಲಿ. ಹಾಕು, ಬೇಗ ಹಾಕು.’

ಜೇಬಿನಿಂದ ಸ್ಪ್ರಿಂಗು ತೆಗೆದೆ. ತಂತಿ ಸಡಿಲಿಸಿ, ತಕ್ಕಡಿಯ ಸ್ಪ್ರಿಂಗುಗಳನ್ನು ಕಳಚಿ, ಹೊಸತನ್ನು ಒಂದೊಂದಾಗಿ ಇಕ್ಕುಳದಿಂದ ಎಳೆದು ಸಿಕ್ಕಿಸಿದೆ. ನಾಲ್ಕನ್ನು ಹಾಕುವಷ್ಟರಲ್ಲಿ ಅವೆಲ್ಲವನ್ನೂ ಹಿಡಿದಿದ್ದ ತಗಡಿನ ಸ್ಕ್ರೂ ಸುಮ್ಮನೆ ತಿರುಗತೊಡಗಿತು. ತೆಂಗಿನಹಾಲು ಕುಡಿದ ಮರ ಅಲ್ಲಿ ಮೆತ್ತಗಾಗಿತ್ತು. ಅದು ಕಿತ್ತು ಬಂದರೆ ಗಿಟಾರು ಅವತ್ತಿಗಷ್ಟೇ ಅಲ್ಲ, ಎಂದೆಂದಿಗೂ ಮುಗಿದ ಹಾಗೆ. ಬೆಂಕಿಕಡ್ಡಿಗಳನ್ನು ಸೀಳಿ ತೂತಿಗೆ ತುಂಬಿ, ದೇವರನ್ನು ನೆನೆದು ಸ್ಕ್ರೂ ತಿರುಗಿಸಿದೆ. ಕಾರ್ಮಿನ್ ಬಾಯಿ ಗಿಟಾರನ್ನು ಒತ್ತಿ ಹಿಡಿದು ತಮ್ಮ ದೇವರನ್ನು ಕೊಂಕಣಿಯಲ್ಲಿ ಕರೆಯುತ್ತಿದ್ದರು. ಸ್ಕ್ರೂ ಕಚ್ಚಿತು. ಐದನೆಯ ಸ್ಪ್ರಿಂಗನ್ನೂ ಸಿಕ್ಕಿಸಿ ತಂತಿ ಬಿಗಿದೆ.

ಆಂಪ್ಲಿಫೈಯರ್ ಇರಲಿಲ್ಲ. ‘ಮರಕ್ಕೆ ಕಿವಿ ಇಡಿ ಬಾಯಿ,’ ಎಂದು ಒಂದು ತಂತಿ ಮೀಟಿ ಅಂಗೈಯಿಂದ ಮುಚ್ಚಿದೆ. ಅವರು ಕಿವಿ ಇಟ್ಟು ಕಣ್ಣು ಮುಚ್ಚಿದ್ದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

‘ಹೌದು. ಇದು ಅವನದ್ದೇ,’ ಎಂದು ಕಣ್ಣೊರೆಸಿಕೊಂಡರು. ‘ಅವನಿಗೆ ಎಂತ ಹೇಳ್ಲಿ?’

‘ತಪ್ಪು ನಿನ್ನ ಕೈಯದ್ದಲ್ಲ, ಸ್ಪ್ರಿಂಗಿನದ್ದು ಅಂತ ಶೀನ ಹೇಳಿದ ಅಂತ ಹೇಳಿ.’

ಆ ದಿನ ಮಧ್ಯಾಹ್ನ ನಾನು ಬಿಜೈಯ ಆ ಮನೆಯವರೆಗೆ ಹೋದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಹಲಸಿನ ಮರದ ಕೆಳಗೆ ನಿಂತೆ. ಅವನು ಹ್ಯಾಂಡಲ್ ಅದುಮಿದಾಗಲೆಲ್ಲ ಸ್ಕ್ರೂ ಕಿತ್ತು ಬಂದ ಸದ್ದು ನನ್ನ ಕಿವಿಗೆ ಕೇಳುತ್ತಿತ್ತು, ಬರದಿದ್ದರೂ. ಒಂದು ಸಾಲು ಮುಗಿಯಿತು. ಸ್ವರ ನಿಂತಿತು. ಆಮೇಲೆ ಆ ಬಾಲ ಕಿಟಕಿಯಿಂದ ಹೊರಗೆ ಬಂದು, ಮರದವರೆಗೂ ಬಂದು, ಮೆಲ್ಲಗೆ ಆರಿತು. ಒಳಗೆ ಯಾರೂ ಕೆಮ್ಮಲಿಲ್ಲ. ನಾನು ಮರಕ್ಕೆ ಒರಗಿ ಅತ್ತುಬಿಟ್ಟೆ.

ಮಾಸ್ಟರು ಅವನನ್ನು ಆರಿಸಿದರು. ಮಳೆಗೆ ಮುಂಚಿನ ಕೊನೆಯ ಹಡಗಿನಲ್ಲಿ ಅವನು ಬೊಂಬಾಯಿಗೆ ಹೋದ. ಆ ಭಾನುವಾರದ ಮರುದಿನ ಪೊರ್ಬುಗಳು ನನಗಿಂತ ಮುಂಚೆ ಅಂಗಡಿಗೆ ಬಂದಿದ್ದರು. ಪಿಯಾನೊ ತಂತಿಯ ಒಂದು ಸುರುಳಿಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು, ‘ಇದು ಸ್ಪ್ರಿಂಗಿಗೆ,’ ಎಂದರು. ಅಂದಿನಿಂದ ಅಂಗಡಿಯಲ್ಲಿ ಹಳೆಯ ಸ್ಪ್ರಿಂಗಿನ ದನಿ ಕೇಳದೆ ಹೊಸದನ್ನು ಹಾಕುವ ಪದ್ಧತಿ ನಿಂತಿತು. ಕೆಲವರಿಗೆ ಬಾಲ ಬೇಡವಾಗುತ್ತದೆ. ಅಂಥವರಿಗೆ ಗಟ್ಟಿ ಸ್ಪ್ರಿಂಗು ಹಾಕಿ, ಇಲ್ಲವೇ ಗುಳಿಯಲ್ಲಿ ಒಂದು ತುಂಡು ಉಣ್ಣೆ ಬಟ್ಟೆ ತುರುಕಿ. ಸ್ವರ ಚೊಕ್ಕವಾಗಿ ನಿಲ್ಲುತ್ತದೆ. ಯಾವುದು ಒಳ್ಳೆಯದು ಎಂದು ನೀವು ತೀರ್ಮಾನಿಸಲು ಹೋಗಬೇಡಿ. ನುಡಿಸುವವನನ್ನು ಕೇಳಿ. ಒಂದನ್ನು ಮಾತ್ರ ಮರೆಯಬೇಡಿ, ವಾದ್ಯದ ತಪ್ಪನ್ನು ಯಾವತ್ತೂ ಮನುಷ್ಯನ ಕೈಯ ಮೇಲೆ ಹೊರಿಸಬೇಡಿ.

ಆ ಮಳೆಗಾಲ ಜೋರಾಗಿ ಹಿಡಿದುಕೊಂಡ ಒಂದು ದಿನ ಕಾರ್ಮಿನ್ ಬಾಯಿ ಅಂಗಡಿಗೆ ಬಂದರು. ಫೆಲಿಕ್ಸ್ ಚೆನ್ನಾಗಿದ್ದಾನೆ, ಹಡಗು ಹತ್ತಿದ್ದಾನೆ ಎಂದರು. ಮತ್ತೆ ಕೊಡೆಯ ನೀರು ಕೊಡವಿ ಕೇಳಿದರು.

‘ಆ ಸ್ಪ್ರಿಂಗು ಎಷ್ಟು ಸಮಯ ಬಾಳಿಕೆ ಬರ್ತದೆ ಶೀನ?’

ನನಗೆ ಹೆಮ್ಮೆ ಬಂತು. ‘ನೀವು ಹೆದರ್ಲೇಬೇಡಿ ಬಾಯಿ. ಪಿಯಾನೊ ತಂತಿ ಅದು. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ ಇಟ್ರೆ ವರ್ಷಗಟ್ಟಲೆ ಎಂತದೂ ಆಗುದಿಲ್ಲ.’

‘ಕಡಲ ಗಾಳಿಗೂ?’

‘ಕಡಲ ಗಾಳಿಗೂ.’

‘ಹಾಗಾ,’ ಎಂದರು. ಮುಖ ಸಣ್ಣದಾಯಿತು. ಹೊರಡಲು ತಿರುಗಿದವರು ಬಾಗಿಲಲ್ಲಿ ನಿಂತು, ‘ಬೊಂಬಾಯಿಯಲ್ಲಿ ಅದನ್ನು ಮಾಡುವವರು ಇದ್ದಾರಾ?’ ಎಂದು ಕೇಳಿದರು.

ಆಗ ನನಗೆ ಅರ್ಥವಾಯಿತು. ಇಷ್ಟು ಹೊತ್ತು ಅರ್ಥವಾಗದ್ದಕ್ಕೆ ನಾಚಿಕೆಯೂ ಆಯಿತು.

‘ಅಲ್ಲಿ ಯಾರಿದ್ದಾರೆ ಬಾಯಿ? ಹಾಳಾದ್ರೆ ಅವನು ಇಲ್ಲಿಗೇ ಬರ್ಬೇಕು,’ ಎಂದೆ. ‘ಮತ್ತೆ ನಾನು ಹೇಳಿದ್ದು ಒರೆಸಿದ್ರೆ ಮಾತ್ರ. ಒರೆಸದಿದ್ರೆ ಕಡಲ ಗಾಳಿಗೆ ಬೇಗ ತುಕ್ಕು ಹಿಡೀತದೆ.’

ಅವರು ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದರು.

‘ಫೆಲಿಕ್ಸಾ? ತಿಂದ ಬಟ್ಟಲನ್ನು ಎತ್ತಿ ಇಡುವವನಲ್ಲ ಅವನು. ಒರೆಸುದಿಲ್ಲ.’

‘ಒರೆಸುದಿಲ್ಲ,’ ಎಂದೆ ನಾನೂ.

‘ಹಾಗಾದ್ರೆ ಬರ್ತಾನೆ,’ ಎಂದು ಕೊಡೆ ಬಿಡಿಸಿಕೊಂಡು ಅವರು ಮಳೆಗೆ ಇಳಿದರು.